ಲಾರಿ ಬಾಡಿಗೆಯ ವಂಚನೆ: ಚಕ್ರ ಉರುಳುವ ಮುನ್ನ ವಿಚಾರಿಸಬೇಕಾದುದು

ಸರಕನ್ನು ಸುರಕ್ಷಿತವಾಗಿ ತಲುಪಿಸಿದ ಮೇಲೆಯೂ ಲಾರಿಯ ಮಾಲೀಕನಿಗೆ ಬಾಡಿಗೆ ದೊರೆಯದೆ ಹೋಗುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಬಾಡಿಗೆ ಗೊತ್ತುಮಾಡಿಕೊಟ್ಟ ದಲ್ಲಾಳಿಯ ದೂರವಾಣಿ ಮೂಕವಾಗುತ್ತದೆ. ಸರಕು ಕಳುಹಿಸಿದ ಕಾರಖಾನೆಯವರು "ನಾವು ಕೊಡಬೇಕಾದುದನ್ನು ಕೊಟ್ಟಾಗಿದೆ" ಎನ್ನುತ್ತಾರೆ. ಸರಕು ಪಡೆದವರು "ಬಾಡಿಗೆಗೂ ನಮಗೂ ಸಂಬಂಧವಿಲ್ಲ" ಎನ್ನುತ್ತಾರೆ. ಸಾಲದ ಕಂತನ್ನು ತಲೆಯ ಮೇಲೆ ಹೊತ್ತ ಲಾರಿಯವನು ಇವರ ನಡುವೆ ಬರಿಗೈಯಲ್ಲಿ ನಿಲ್ಲುತ್ತಾನೆ. ಈ ವಂಚನೆ ನಡೆಯುವ ಬಗೆ ಯಾವುದು, ಕಾನೂನು ಏನು ಹೇಳುತ್ತದೆ, ಒಂದೆರಡು ಲಾರಿಗಳ ಸಾಮಾನ್ಯ ಮಾಲೀಕನು ತನ್ನನ್ನು ಹೇಗೆ ಕಾಪಾಡಿಕೊಳ್ಳಬಹುದು ಎಂಬುದನ್ನು ಇಲ್ಲಿ ವಿಚಾರಿಸೋಣ.

ಹೋಟೆಲು ಕೆಲಸಗಾರರೂ ಗುಮಾಸ್ತರೂ ಓದುವ ಪತ್ರಿಕೆಗೆ ಲಾರಿಯ ಗೊಡವೆಯೇಕೆಂದು ಕೆಲವು ವಾಚಕರು ಕೇಳಬಹುದು. ಕಾರಣ ಉಂಟು. ನಿಗಡಿಯ ಟ್ರಾನ್ಸ್‌ಪೋರ್ಟ್ ನಗರಿಯಲ್ಲಿ, ಗುಲಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ, ಚಾಕಣದ ಕಾರಖಾನೆಗಳ ಸುತ್ತಲಿನ ಸಾಗಣೆ ಕಚೇರಿಗಳಲ್ಲಿ ಚೀಟಿ ಬರೆಯುವ ಗುಮಾಸ್ತರಲ್ಲಿ ನಮ್ಮವರಿದ್ದಾರೆ. ಹತ್ತು ಹನ್ನೆರಡು ವರ್ಷ ಹೋಟೆಲಿನಲ್ಲಿ ದುಡಿದು ಕೂಡಿಸಿದ ಹಣವನ್ನು ಊರಿನಲ್ಲಿರುವ ತಮ್ಮನ ಲಾರಿಗೆ ಹಾಕಿ, ಉಳಿದುದಕ್ಕೆ ಸಾಲಮಾಡಿ, ತಿಂಗಳ ಬಾಡಿಗೆಯ ದಾರಿ ಕಾಯುವವರೂ ಇದ್ದಾರೆ. ಲಾರಿಯ ಬಾಡಿಗೆ ಮುಳುಗಿದರೆ ಅದರೊಡನೆ ಮುಳುಗುವುದು ಇಂಥವರ ಉಳಿತಾಯ.

ದಲ್ಲಾಳಿ ಏಕೆ ಬೇಕಾದ?

ದಲ್ಲಾಳಿಗಳೆಲ್ಲರೂ ವಂಚಕರಲ್ಲವೆಂಬುದನ್ನು ಮೊದಲೇ ಹೇಳಿಬಿಡಬೇಕು. ಹುಬ್ಬಳ್ಳಿಯಿಂದ ಪುಣೆಗೆ ಸರಕು ತಂದ ಲಾರಿಯು ಇಳಿಸಿದ ಮರುಗಳಿಗೆಯಿಂದ ಖಾಲಿ. ಖಾಲಿಯಾಗಿಯೇ ಊರಿಗೆ ಹಿಂತಿರುಗಿದರೆ ಡೀಸೆಲಿನ ಹಣವೂ ಟೋಲಿನ ಹಣವೂ ಮಾಲೀಕನ ಕಿಸೆಯಿಂದಲೇ ಹೋಗುತ್ತವೆ. ಯಾವ ಕಾರಖಾನೆಯಲ್ಲಿ ಇಂದು ಬೆಂಗಳೂರಿನ ಸರಕು ಸಿದ್ಧವಾಗಿದೆಯೆಂಬುದು ಹೊರಗಿನ ಚಾಲಕನಿಗೆ ತಿಳಿಯದು. ಯಾವ ಲಾರಿ ಎಲ್ಲಿ ಖಾಲಿ ನಿಂತಿದೆಯೆಂಬುದು ಕಾರಖಾನೆಯವರಿಗೆ ತಿಳಿಯದು. ಇಬ್ಬರನ್ನೂ ಬಲ್ಲ ದಲ್ಲಾಳಿಯು ಇಬ್ಬರನ್ನೂ ಕೂಡಿಸಿ ತನ್ನ ಕಮಿಷನ್ ಪಡೆಯುತ್ತಾನೆ. ಇದು ನ್ಯಾಯವಾದ ಸಂಪಾದನೆಯೇ.

ಮರಾಠಿ ಪೇಟೆಗಳಲ್ಲಿ 'ಹುಂಡೇಕರಿ' ಎಂಬ ಹಳೆಯ ಮಾತು ಇದೆ. ಸರಕನ್ನು ಒಪ್ಪಿಕೊಂಡು, ದಾರಿಯ ಸುಂಕವನ್ನೂ ಗೊತ್ತಾದ ಮೊತ್ತದಲ್ಲಿಯೇ ತೆತ್ತು, ಗುರಿ ಮುಟ್ಟಿಸುವ ಹೊಣೆ ಹೊತ್ತವನಿಗೆ ಆ ಹೆಸರು. ಅವನಿಗೆ ಪೇಟೆಯಲ್ಲಿ ಒಂದು ಗದ್ದಿಗೆ ಇತ್ತು, ಹಣ ಬಾರದಿದ್ದರೆ ಅದರ ಮುಂದೆ ಹೋಗಿ ಕೂರಬಹುದಾಗಿತ್ತು. ಈಗ ಅನೇಕ ದಲ್ಲಾಳಿಗಳಿಗೆ ಕಚೇರಿಯೇ ಇಲ್ಲ. ಇರುವುದು ಒಂದು ದೂರವಾಣಿ ಸಂಖ್ಯೆ ಮತ್ತು ವಾಟ್ಸ್‌ಆ್ಯಪ್ ಗುಂಪು. 'ಚಾಕಣದಿಂದ ಬೆಂಗಳೂರು, ಹದಿನಾರು ಟನ್, ಕೂಡಲೇ ಬೇಕು' ಎಂಬ ಒಂದು ಸಾಲನ್ನು ನೋಡಿ, ಮುಖವನ್ನೇ ಕಾಣದವನ ಮಾತಿಗೆ ಲಾರಿ ಹೊರಡುತ್ತದೆ. ಹುಂಡೇಕರಿಯ ಸಂಪಾದನೆಯನ್ನು ಬಯಸುವವರು ಹೆಚ್ಚಿದ್ದಾರೆ, ಅವನ ಹೊಣೆಯನ್ನು ಹೊರುವವರು ಕಡಿಮೆಯಾಗಿದ್ದಾರೆ. ವಂಚನೆಗೆ ಎಡೆ ದೊರೆತಿರುವುದು ಇಲ್ಲಿಯೇ.

ಲಾಭವೆಲ್ಲವೂ ಬಾಕಿಯಲ್ಲಿ

ಬಾಡಿಗೆಯ ಒಂದು ಪಾಲು ಸರಕು ತುಂಬುವಾಗ ಮುಂಗಡವಾಗಿ, ಉಳಿದುದು ಸರಕು ಮುಟ್ಟಿದ ರಸೀತಿ ಬಂದ ಮೇಲೆ ಬಾಕಿಯಾಗಿ ದೊರೆಯುವುದು ಈ ಧಂಧೆಯ ರೂಢಿ. ಲೆಕ್ಕದ ಅನುಕೂಲಕ್ಕಾಗಿ ಪುಣೆಯಿಂದ ಬೆಂಗಳೂರಿಗೆ 40,000 ರೂಪಾಯಿ ಬಾಡಿಗೆಯೆಂದೂ, 28,000 ಮುಂಗಡ, 12,000 ಬಾಕಿಯೆಂದೂ ಹಿಡಿಯೋಣ. ದೂರ ಸುಮಾರು 840 ಕಿಲೋಮೀಟರು. ಲೀಟರಿಗೆ ನಾಲ್ಕು ಕಿಲೋಮೀಟರಿನಂತೆ 210 ಲೀಟರು ಡೀಸೆಲ್ ಬೇಕು. ಲೀಟರಿಗೆ 90 ರೂಪಾಯಿಯೆಂದರೆ 18,900 ರೂಪಾಯಿ. ಮುಂಗಡದಲ್ಲಿ ಉಳಿಯುವ 9,100 ರೂಪಾಯಿ ಟೋಲು, ಚಾಲಕನ ಮತ್ತು ಕ್ಲೀನರನ ಭತ್ಯೆ, ಹಮಾಲಿ, ದಾರಿಯ ಸಣ್ಣಪುಟ್ಟ ದುರಸ್ತಿಗಳಲ್ಲಿ ಕರಗುತ್ತದೆ. ಸಾಲದ ಕಂತು, ವಿಮೆ, ಟೈರು, ಮನೆಯ ಅಕ್ಕಿ ಇವೆಲ್ಲಕ್ಕೂ ಆ 12,000 ರೂಪಾಯಿಯೇ ಆಧಾರ.

ಮುಂಗಡವನ್ನು ಸರಿಯಾಗಿ ಕೊಟ್ಟು ಬಾಕಿಯನ್ನು ಮಾತ್ರ ನುಂಗುವ ದಲ್ಲಾಳಿಯು 'ಮುಕ್ಕಾಲು ಪಾಲು ಕೊಟ್ಟೆನಲ್ಲ' ಎಂದು ಹೇಳಿಕೊಳ್ಳಬಹುದು. ಮೇಲಿನ ಲೆಕ್ಕದಂತೆ ನೋಡಿದರೆ ಅವನು ಕೊಟ್ಟುದು ಪೆಟ್ರೋಲ್ ಬಂಕಿಗೂ ಟೋಲ್ ನಾಕೆಗೂ ಸಂದಿತು. ಮಾಲೀಕನ ಸಂಪಾದನೆಯೆಂಬುದೆಲ್ಲ ಅವನು ನುಂಗಿದ ಭಾಗದಲ್ಲಿಯೇ ಇತ್ತು.

ವಂಚನೆಯ ನಾಲ್ಕು ಬಗೆ

ಮೊದಲನೆಯದು, ದಲ್ಲಾಳಿಯ ಮೇಲೆ ದಲ್ಲಾಳಿ. ಕಾರಖಾನೆಯಿಂದ 48,000 ರೂಪಾಯಿಗೆ ಸರಕು ಹಿಡಿದವನು ಇನ್ನೊಬ್ಬನಿಗೆ 44,000ಕ್ಕೆ ದಾಟಿಸುತ್ತಾನೆ. ಅವನು ಲಾರಿಯವನಿಗೆ 40,000ಕ್ಕೆ ಒಪ್ಪಿಸುತ್ತಾನೆ. ನಡುವಿನವನು ಮೇಲಿನಿಂದ ಹಣ ಪಡೆದು ಕಣ್ಮರೆಯಾದರೆ, ಮೇಲಿನವನು 'ನಾನು ನಿನ್ನನ್ನು ಗೊತ್ತುಮಾಡಿದವನೇ ಅಲ್ಲ' ಎನ್ನುತ್ತಾನೆ. ಸರಪಳಿ ಉದ್ದವಾದಷ್ಟೂ ಕೊನೆಯ ಕೊಂಡಿಗೆ ಅಪಾಯ ಹೆಚ್ಚು; ಕೊನೆಯ ಕೊಂಡಿ ಎಂದಿಗೂ ಲಾರಿಯವನೇ.

ಎರಡನೆಯದು, ಇಲ್ಲದ ಸರಕು. ಹೆಸರಾಂತ ಕಾರಖಾನೆಯ ಹೆಸರನ್ನೋ ಸೇನೆಯ ಅಧಿಕಾರಿಯ ವೇಷವನ್ನೋ ತೊಟ್ಟು ದೂರವಾಣಿಯಲ್ಲಿ ಒಳ್ಳೆಯ ಬಾಡಿಗೆ ಹೇಳುತ್ತಾರೆ. ಬಳಿಕ ಗೇಟ್ ಪಾಸು, ನೋಂದಣಿ ಶುಲ್ಕ, ಭದ್ರತಾ ಠೇವಣಿ ಎಂದು ಲಾರಿಯವನಿಂದಲೇ ಎರಡು ಮೂರು ಸಾವಿರ ಕೀಳುತ್ತಾರೆ. ಕೆಲವರು 'ಮುಂಗಡ ಕಳುಹಿಸುತ್ತೇನೆ, ಈ ಚೌಕದ ಗುರುತನ್ನು ಸ್ಕ್ಯಾನ್ ಮಾಡಿ ನಿಮ್ಮ ರಹಸ್ಯ ಸಂಖ್ಯೆ ಒತ್ತಿರಿ' ಎನ್ನುತ್ತಾರೆ. ಯು.ಪಿ.ಐ. ಮೂಲಕ ಹಣ ಪಡೆಯುವುದಕ್ಕೆ ರಹಸ್ಯ ಸಂಖ್ಯೆ ಬೇಕಿಲ್ಲ. ಅದನ್ನು ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ಈ ಒಂದು ಸಂಗತಿಯನ್ನು ಪ್ರತಿಯೊಬ್ಬ ಚಾಲಕನೂ ಕಂಠಪಾಠ ಮಾಡಿಕೊಂಡಿರಬೇಕು.

ಮೂರನೆಯದು, ಲಾರಿಯ ಹೆಸರಿನ ಕಳವು. ಬಾಡಿಗೆ ಕೇಳುವ ಭರದಲ್ಲಿ ಲಾರಿಯವರು ಆರ್.ಸಿ., ವಿಮೆ, ಪ್ಯಾನ್ ಕಾರ್ಡು, ಚಾಲಕನ ಲೈಸೆನ್ಸು ಇವುಗಳ ಚಿತ್ರಗಳನ್ನು ಕಂಡಕಂಡವರಿಗೆ ಕಳುಹಿಸುತ್ತಾರೆ. ವಂಚಕನು ಅದೇ ಸಂಖ್ಯೆಯ ಫಲಕವನ್ನು ಬೇರೊಂದು ಲಾರಿಗೆ ಬಡಿದು, ಅದೇ ಕಾಗದಗಳನ್ನು ತೋರಿಸಿ, ಕಾರಖಾನೆಯಿಂದ ಸರಕು ತುಂಬಿಕೊಂಡು ಮಾಯವಾಗುತ್ತಾನೆ. ಆಗ ಪೊಲೀಸರು ಬರುವುದು ನಿಜವಾದ ಮಾಲೀಕನ ಮನೆಗೆ.

ನಾಲ್ಕನೆಯದು, ಸುಳ್ಳು ಕಾಗದದ ಸರಕು. ಬಿಲ್ಲಿನಲ್ಲಿ ಒಂದು, ಮೂಟೆಯಲ್ಲಿ ಇನ್ನೊಂದು; ಅಥವಾ ಇ-ವೇ ಬಿಲ್ಲೇ ನಕಲಿ. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಜಿ.ಎಸ್.ಟಿ. ಕಾನೂನಿನಂತೆ ಸರಕಿನೊಡನೆ ವಾಹನವನ್ನೂ ತಡೆಹಿಡಿಯುವ ಅಧಿಕಾರ ಅಧಿಕಾರಿಗಳಿಗಿದೆ. ಸರಕು ಕೊಟ್ಟವನು ದೂರದಲ್ಲಿರುತ್ತಾನೆ, ಲಾರಿ ತಪಾಸಣೆಯ ಜಾಗದಲ್ಲಿಯೇ ನಿಂತಿರುತ್ತದೆ.

ಕಾನೂನಿನ ನಿಲುವು

ನಮ್ಮ ದೇಶದಲ್ಲಿ ಬಹುಕಾಲ ಈ ವ್ಯವಹಾರವು 1865ರ ಸಾಗಣೆದಾರರ ಕಾಯಿದೆಯ ಆಶ್ರಯದಲ್ಲಿ ನಡೆಯಿತು. ಅದನ್ನು ರದ್ದುಪಡಿಸಿ ಬಂದ 2007ರ ರಸ್ತೆ ಸಾಗಣೆ ಕಾಯಿದೆಯು 2011ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಈ ಕಾಯಿದೆಯು 'ಸಾರ್ವಜನಿಕ ಸಾಗಣೆದಾರ' ಎಂಬ ಮಾತಿನಲ್ಲಿ ಸರಕು ಬುಕಿಂಗ್ ಕಂಪನಿ, ಗುತ್ತಿಗೆದಾರ, ಏಜೆಂಟ್ ಇವರೊಡನೆ ದಲ್ಲಾಳಿಯನ್ನೂ ಸೇರಿಸಿದೆಯೆಂಬುದು ಗಮನಾರ್ಹ. ಇಂಥವರು ರಾಜ್ಯದ ಅಥವಾ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸದೆ ಈ ಧಂಧೆ ನಡೆಸಕೂಡದು. ನೋಂದಣಿಯ ಅವಧಿ ಹತ್ತು ವರ್ಷ. ಸರಕು ಕಳುಹಿಸುವವನು ಸರಕಿನ ವಿವರ, ಬೆಲೆಗಳನ್ನು ಘೋಷಿಸುವ ಪತ್ರ ಬರೆದುಕೊಡಬೇಕು. ಸರಕು ಒಪ್ಪಿಕೊಂಡವನು ಮೂರು ಪ್ರತಿಗಳಲ್ಲಿ ಸರಕಿನ ರಸೀತಿ ಕೊಡಬೇಕು. ಪೇಟೆಯ ಮಾತಿನಲ್ಲಿ 'ಎಲ್.ಆರ್.' ಅಥವಾ 'ಬಿಲ್ಟಿ' ಎನ್ನುವುದು ಇದನ್ನೇ. 1988ರ ಮೋಟಾರು ವಾಹನಗಳ ಕಾಯಿದೆಯ 93ನೆಯ ಕಲಮು ಕೂಡ ಸರಕು ಸಂಗ್ರಹಿಸಿ ಕಳುಹಿಸುವ ಏಜೆಂಟನಿಗೆ ಲೈಸೆನ್ಸು ಬೇಕೆಂದು ವಿಧಿಸುತ್ತದೆ.

'ನಿಮ್ಮ ನೋಂದಣಿ ಸಂಖ್ಯೆ ಯಾವುದು?' ಎಂದು ದಲ್ಲಾಳಿಯನ್ನು ಕೇಳುವುದು ಆದುದರಿಂದ ಉದ್ಧಟತನವಲ್ಲ. ಕಾನೂನು ಲಾರಿಯವನಿಗೆ ಕೊಟ್ಟ ಹಕ್ಕು. ಆದರೆ ಕೇಳುವವರು ವಿರಳ. ಕೇಳಿದರೆ ಸರಕು ಬೇರೆಯವನ ಪಾಲಾದೀತೆಂಬ ಭಯವೇ ಕಾರಣ.

ಈ ವಿಷಯದಲ್ಲಿ ಅಮೆರಿಕೆಯ ಏರ್ಪಾಡನ್ನು ಹೋಲಿಸಿ ನೋಡಬಹುದು. ಅಲ್ಲಿ ಸರಕಿನ ದಲ್ಲಾಳಿಯು ಕೇಂದ್ರ ಸರಕಾರದಲ್ಲಿ ನೋಂದಾಯಿಸಿಕೊಳ್ಳುವುದಲ್ಲದೆ 75,000 ಡಾಲರುಗಳ ಜಾಮೀನನ್ನೂ ಒದಗಿಸಬೇಕು. ಮೊದಲು 10,000 ಡಾಲರು ಇದ್ದ ಈ ಮೊತ್ತವನ್ನು 2012ರ ಕಾನೂನಿನಿಂದ ಏರಿಸಿ 2013ರ ಅಕ್ಟೋಬರಿನಿಂದ ಜಾರಿಗೆ ತಂದರು. ದಲ್ಲಾಳಿ ಬಾಡಿಗೆ ಕೊಡದಿದ್ದರೆ ಲಾರಿಯವನು ಆ ಜಾಮೀನಿನಿಂದ ಕೇಳಬಹುದು. ಅಷ್ಟಾದರೂ ಅಲ್ಲಿ ಹೆಸರು ಕದಿಯುವ ವಂಚನೆ, ಕೈಯಿಂದ ಕೈಗೆ ದಾಟಿಸುವ ವಂಚನೆ ನಿಂತಿಲ್ಲ. ಜಾಮೀನು ನಮ್ಮಲ್ಲಿಯೂ ಬರಬೇಕೆಂಬುದು ಲಾರಿ ಮಾಲೀಕರ ಸಂಘಗಳು ಕೈಗೊಳ್ಳಬೇಕಾದ ಬೇಡಿಕೆ. ಆದರೆ ಕಾನೂನು ಎಷ್ಟೇ ಬಿಗಿಯಾದರೂ ಲಾರಿಯವನ ಸ್ವಂತ ಎಚ್ಚರಕ್ಕೆ ಅದು ಬದಲಿಯಾಗದೆಂಬುದನ್ನೂ ಅಮೆರಿಕೆಯ ಅನುಭವ ತೋರಿಸುತ್ತದೆ.

ಸರಕು ತುಂಬುವ ಮುನ್ನ

ಮೊದಲ ಕೆಲಸ ಹೆಸರನ್ನು ತಿಳಿಯುವುದು. ದಲ್ಲಾಳಿಯ ಸಂಸ್ಥೆಯ ಪೂರ್ಣ ಹೆಸರು, ವಿಳಾಸ, ಜಿ.ಎಸ್.ಟಿ. ಸಂಖ್ಯೆ ಇವನ್ನು ಬರೆದು ಕಳುಹಿಸಲು ಹೇಳಬೇಕು. ಜಿ.ಎಸ್.ಟಿ. ಸಂಖ್ಯೆಯನ್ನು ಓದುವ ವಿದ್ಯೆ ಕಷ್ಟದ್ದಲ್ಲ. ಅದರ ಹದಿನೈದು ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಗುರುತು. ಮಹಾರಾಷ್ಟ್ರಕ್ಕೆ 27, ಕರ್ನಾಟಕಕ್ಕೆ 29. ಮುಂದಿನ ಹತ್ತು ಅಕ್ಷರಗಳು ಅವರ ಪ್ಯಾನ್ ಸಂಖ್ಯೆ. ಸರಕಾರದ ಜಿ.ಎಸ್.ಟಿ. ಜಾಲತಾಣದಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಹೆಸರು, ವಿಳಾಸ, ನೋಂದಣಿ ಜೀವಂತವಾಗಿದೆಯೇ ರದ್ದಾಗಿದೆಯೇ ಎಂಬುದು ಹಣ ತೆರದೆಯೇ ತಿಳಿಯುತ್ತದೆ. ಪುಣೆಯವನೆಂದು ಹೇಳಿಕೊಳ್ಳುವವನ ಸಂಖ್ಯೆ ಬೇರಾವುದೋ ರಾಜ್ಯದ್ದಾಗಿದ್ದರೆ ಕಾರಣ ಕೇಳಬೇಕು.

ಎರಡನೆಯ ಕೆಲಸ ಕಾರಖಾನೆಯನ್ನು ನೇರವಾಗಿ ವಿಚಾರಿಸುವುದು. ದಲ್ಲಾಳಿ ಕೊಟ್ಟ ಸಂಖ್ಯೆಗೆ ಕರೆಮಾಡಿದರೆ ಉತ್ತರಿಸುವವನು ಅವನ ಜೊತೆಗಾರನೇ ಆಗಿರಬಹುದು. ಕಾರಖಾನೆಯ ಸಂಖ್ಯೆಯನ್ನು ಬೇರೆ ಮೂಲದಿಂದ ಪಡೆದು, 'ಇಂದು ಇಂಥಲ್ಲಿಗೆ ಸರಕಿದೆಯೇ, ಇಂಥ ದಲ್ಲಾಳಿಗೆ ಒಪ್ಪಿಸಿದ್ದೀರಾ' ಎಂದು ಕೇಳಬೇಕು. ಚಾಕಣದಲ್ಲಿಯೋ ಭೋಸರಿಯಲ್ಲಿಯೋ ಆದರೆ ಗೇಟಿನವರೆಗೆ ಹೋಗಿ ವಿಚಾರಿಸುವುದು ಇನ್ನೂ ಮೇಲು. ಪೇಟೆಯ ದರಕ್ಕಿಂತ ಬಹಳ ಹೆಚ್ಚಿನ ಬಾಡಿಗೆ ಹೇಳುವವನನ್ನು ಸಂಶಯದಿಂದಲೇ ನೋಡಬೇಕು. ಹಣ ಕೊಡುವ ಮನಸ್ಸಿಲ್ಲದವನಿಗೆ ಎಷ್ಟು ಹೇಳಿದರೂ ನಷ್ಟವಿಲ್ಲ.

ಮೂರನೆಯದು ಕಾಗದ. ಬಾಡಿಗೆಯ ಮೊತ್ತ, ಮುಂಗಡ, ಬಾಕಿ, ಬಾಕಿ ಕೊಡುವ ದಿನ, ಲಾರಿ ಕಾಯಬೇಕಾದರೆ ದಿನಕ್ಕೆ ಎಷ್ಟು, ಹಮಾಲಿ ಮತ್ತು ವಾರಾಯಿ ಯಾರ ಪಾಲಿಗೆ, ಎಲ್ಲವನ್ನೂ ದೂರವಾಣಿಯ ಸಂದೇಶದಲ್ಲಾದರೂ ಬರೆಯಿಸಿಕೊಳ್ಳಬೇಕು. ಎಲ್.ಆರ್. ಬೇರೊಬ್ಬರ ಹೆಸರಿನಲ್ಲಿ ಬಂದರೆ ಅಲ್ಲಿಯೇ ನಿಲ್ಲಬೇಕು. ಅವರಿಗೆ ಕರೆಮಾಡಿ, ಈ ಲಾರಿಯನ್ನು ಒಪ್ಪಿದ್ದೀರಾ, ಬಾಕಿಗೆ ಹೊಣೆ ಯಾರು ಎಂದು ಕೇಳಿ ಉತ್ತರವನ್ನು ಬರವಣಿಗೆಯಲ್ಲಿ ಪಡೆಯಬೇಕು. ದಲ್ಲಾಳಿಯ ಮೇಲೆ ದಲ್ಲಾಳಿ ಇರುವ ಗುಟ್ಟು ಬಯಲಾಗುವುದು ಈ ಒಂದು ಪ್ರಶ್ನೆಯಿಂದಲೇ.

ಸ್ವಂತ ಕಾಗದಗಳನ್ನು ಕಳುಹಿಸುವಾಗ ಪ್ರತಿಯ ಮೇಲೆ ಅಡ್ಡಲಾಗಿ 'ಇಂಥ ದಿನ, ಇಂಥ ಸರಕಿಗೆ ಮಾತ್ರ' ಎಂದು ಬರೆದು ಕಳುಹಿಸುವುದು ಹೆಸರಿನ ಕಳವಿಗೆ ಒಂದು ತಡೆ.

ತುಂಬಿದ ಮೇಲೆ, ದಾರಿಯಲ್ಲಿ, ಮುಟ್ಟಿದ ಮೇಲೆ

2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ, 50,000 ರೂಪಾಯಿಗೆ ಮೀರಿದ ಸರಕಾದರೆ, ಇ-ವೇ ಬಿಲ್ಲು ಅವಶ್ಯವಾಗಿದೆ. ಅದರ ಎರಡನೆಯ ಭಾಗದಲ್ಲಿ ತನ್ನ ಲಾರಿಯ ಸಂಖ್ಯೆಯೇ ಇದೆಯೇ ಎಂದು ಚಾಲಕನು ಕಣ್ಣಿಟ್ಟು ನೋಡಬೇಕು. ಬಿಲ್ಲಿನ ಸಂಖ್ಯೆ, ದಿನಾಂಕ ಮೊದಲಾದ ವಿವರಗಳಿಂದ ಅದರ ನಿಜವನ್ನು ಸರಕಾರದ ಜಾಲತಾಣದಲ್ಲಿ ಪರೀಕ್ಷಿಸಬಹುದು. ಬಿಲ್ಲಿನ ಆಯುಸ್ಸು ಸಾಮಾನ್ಯ ಸರಕಿಗೆ 200 ಕಿಲೋಮೀಟರಿಗೆ ಒಂದು ದಿನ; ಪುಣೆಯಿಂದ ಬೆಂಗಳೂರಿಗೆ ಐದು ದಿನ. ಮೂಟೆಗಳ ಸಂಖ್ಯೆ, ತೂಕ, ಬೀಗಮುದ್ರೆ ಇವು ಎಲ್.ಆರ್.ನೊಡನೆ ಹೊಂದದಿದ್ದರೆ ಚಕ್ರ ಉರುಳಬಾರದು. ಮುಂಗಡ ಬಂದಿತೆಂಬುದನ್ನು ಬ್ಯಾಂಕಿನ ಖಾತೆಯಲ್ಲಿ ನೋಡಿ ನಂಬಬೇಕೇ ಹೊರತು ದಲ್ಲಾಳಿ ಕಳುಹಿಸಿದ ಚಿತ್ರವನ್ನು ನೋಡಿ ಅಲ್ಲ.

ದಾರಿಯಲ್ಲಿ 'ಇಳಿಸುವ ಜಾಗ ಬದಲಾಗಿದೆ, ಇಂಥ ಗೋದಾಮಿಗೆ ಹೋಗು' ಎಂದು ದೂರವಾಣಿ ಬಂದರೆ, ಕಾರಖಾನೆಯ ಲಿಖಿತ ಒಪ್ಪಿಗೆಯಿಲ್ಲದೆ ಚಾಲಕನು ಹೋಗಬಾರದು. ಎಲ್.ಆರ್.ನಲ್ಲಿ ಬರೆದವನಿಗಲ್ಲದೆ ಬೇರೊಬ್ಬನಿಗೆ ಸರಕು ಇಳಿಸಿದರೆ ಹೊಣೆ ಲಾರಿಯ ಮೇಲೆ ಬರುತ್ತದೆ. ಲಾರಿಯ ಸಾಮಾನ್ಯ ವಿಮೆಯಲ್ಲಿ ಅದು ಹೊತ್ತ ಸರಕು ಸೇರಿರುವುದಿಲ್ಲವೆಂಬುದನ್ನು ಅನೇಕರು ಅರಿಯರು. ಅದಕ್ಕೆ ಸಾಗಣೆದಾರರ ಹೊಣೆಗಾರಿಕೆಯ ವಿಮೆ ಎಂಬ ಬೇರೆ ವಿಮೆಯಿದೆ. ಫಾಸ್ಟ್ಯಾಗ್ 2021ರ ಫೆಬ್ರವರಿಯಿಂದ ಕಡ್ಡಾಯವಾದ ಮೇಲೆ ಲಾರಿ ಯಾವ ಹೊತ್ತಿಗೆ ಯಾವ ನಾಕೆ ದಾಟಿತೆಂಬುದಕ್ಕೆ ದಾಖಲೆ ಉಂಟು. ತನ್ನ ಸಂಖ್ಯೆಯನ್ನು ಬೇರೊಬ್ಬನು ಬಡಿದುಕೊಂಡು ಓಡಿದಾಗ, ತನ್ನ ಲಾರಿ ಆ ದಿನ ಎಲ್ಲಿತ್ತೆಂದು ತೋರಿಸಲು ಅದು ಒಳ್ಳೆಯ ಸಾಕ್ಷಿ.

ಸರಕು ಇಳಿಸಿದ ಮೇಲೆ, ಪಡೆದವನ ಸಹಿ, ಮೊಹರು, ದಿನಾಂಕ, ಹೊತ್ತು ಇರುವ ರಸೀತಿಯ ಚಿತ್ರ ತೆಗೆದುಕೊಂಡೇ ಮೂಲಪ್ರತಿಯನ್ನು ಕೈಬಿಡಬೇಕು. ರಸೀತಿ ಕಳೆದುಹೋಯಿತೆಂಬುದು ಬಾಕಿ ಕೊಡದಿರಲು ದಲ್ಲಾಳಿಗಳು ಹೇಳುವ ಹಳೆಯ ನೆಪ.

ಮೋಸ ನಡೆದ ಮೇಲೆ

ಬಾಕಿ ಬಾರದೆಂದು ದಾರಿಯಲ್ಲಿಯೇ ತಿಳಿದಾಗ, ಸರಕನ್ನು ಇಳಿಸದೆ ಲಾರಿಯನ್ನು ಎಲ್ಲಿಯೋ ನಿಲ್ಲಿಸಿಬಿಡುವ ಆಲೋಚನೆ ಅನೇಕರಿಗೆ ಬರುತ್ತದೆ. ಕೋಪ ಸಹಜವಾದುದಾದರೂ ಈ ದಾರಿ ಅಪಾಯಕರ. ವಕೀಲರನ್ನು ಕೇಳದೆ ಹಾಗೆ ಮಾಡಿದರೆ ಮೋಸಹೋದವನೇ ಆರೋಪಿಯಾಗಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 316ನೆಯ ಕಲಮಿನಂತೆ, ಸಾಗಣೆಗಾಗಿ ನಂಬಿ ಒಪ್ಪಿಸಿದ ಸರಕಿನ ವಿಷಯದಲ್ಲಿ ವಿಶ್ವಾಸದ್ರೋಹ ಎಸಗಿದವನಿಗೆ ಏಳು ವರ್ಷಗಳವರೆಗೆ ಸೆರೆಮನೆಯಾಗಬಹುದು.

ಮಾಡಬೇಕಾದುದು ಬೇರೆ. ದೂರವಾಣಿಯ ಅಥವಾ ಬ್ಯಾಂಕಿನ ಮೂಲಕ ಹಣ ಹೋಗಿದ್ದರೆ ತಡಮಾಡದೆ 1930 ಎಂಬ ರಾಷ್ಟ್ರೀಯ ಸಹಾಯ ಸಂಖ್ಯೆಗೆ ತಿಳಿಸಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ನಡುದಾರಿಯಲ್ಲಿ ತಡೆಯುವ ಸಂಭವ ಹೆಚ್ಚು. ವಂಚನೆ ಪುಣೆಯಲ್ಲಿ ನಡೆದು ಲಾರಿ ಹಾವೇರಿಯಲ್ಲಿದ್ದರೂ ಅಲ್ಲಿಯ ಠಾಣೆಯಲ್ಲಿ ದೂರು ಕೊಡಬಹುದು. ಅಪರಾಧ ಯಾವ ಠಾಣೆಯ ಹದ್ದಿನಲ್ಲಿ ನಡೆಯಿತೆಂಬುದನ್ನು ನೋಡದೆ ಗಂಭೀರ ಅಪರಾಧದ ದೂರನ್ನು ದಾಖಲಿಸಿಕೊಳ್ಳಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು ವಿಧಿಸುತ್ತದೆ.

ಬಾಕಿಗೆ ಚೆಕ್ಕು ಪಡೆದಿದ್ದು ಅದು ಹಿಂತಿರುಗಿದರೆ, ಬ್ಯಾಂಕಿನಿಂದ ತಿಳಿದ ಮೂವತ್ತು ದಿನಗಳೊಳಗೆ ಲಿಖಿತ ನೋಟೀಸು ಕೊಡಬೇಕು. ನೋಟೀಸು ತಲುಪಿದ ಹದಿನೈದು ದಿನಗಳಲ್ಲಿ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ಹೋಗಬೇಕು. ಬಾಯಿಮಾತಿನ ಬಾಕಿಗಿಂತ ಚೆಕ್ಕಿನ ಬಾಕಿ ಲೇಸೆನ್ನುವುದು ಇದಕ್ಕಾಗಿ. ಲಾರಿ ಮಾಲೀಕನು 'ಉದ್ಯಮ್' ನೋಂದಣಿ ಮಾಡಿಸಿದ್ದರೆ ಇನ್ನೊಂದು ರಕ್ಷಣೆಯುಂಟು. 2006ರ ಸಣ್ಣ ಉದ್ಯಮಗಳ ಕಾಯಿದೆಯಂತೆ ಸೇವೆ ಪಡೆದವನು ಒಪ್ಪಂದವಿದ್ದರೂ ನಲವತ್ತೈದು ದಿನಗಳಿಗಿಂತ ಹೆಚ್ಚು ಬಾಕಿ ಉಳಿಸಿಕೊಳ್ಳಕೂಡದು. ಮೀರಿದರೆ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ತೆರಬೇಕು. ಈ ನೋಂದಣಿಗೆ ಶುಲ್ಕವಿಲ್ಲ.

ನಮ್ಮ ಪಾಲಿನ ಕರ್ತವ್ಯ

ಲಾರಿಯ ಚಾಲಕನು ಹಗಲಿರುಳು ಓಡುವವನು. ಜಾಲತಾಣ ನೋಡಲು, ಕಲಮು ಓದಲು ಅವನಿಗೆ ಬಿಡುವೆಲ್ಲಿ ಎಂದು ಕೇಳಬಹುದು. ನಮ್ಮ ಗುಮಾಸ್ತ ಬಂಧುಗಳ ನೆರವು ಬೇಕಾಗುವುದು ಇಲ್ಲಿಯೇ. ಊರಿನ ಲಾರಿಯವನು ದಲ್ಲಾಳಿಯ ಹೆಸರು ಹೇಳಿದಾಗ ಜಿ.ಎಸ್.ಟಿ. ಸಂಖ್ಯೆಯನ್ನು ಪರೀಕ್ಷಿಸಿ ತಿಳಿಸುವುದಕ್ಕೆ ಐದು ನಿಮಿಷ ಸಾಕು. ಸಾಗಣೆ ಕಚೇರಿಯಲ್ಲಿ ಚೀಟಿ ಬರೆಯುವವರು, ಲಾರಿಯವನಿಗೆ ಒಪ್ಪಿದ ಬಾಡಿಗೆಯನ್ನೂ ಬಾಕಿಯ ಹೊಣೆಗಾರನ ಹೆಸರನ್ನೂ ಬಿಡದೆ ಬರೆದರೆ ಅರ್ಧ ವಂಚನೆ ಅಲ್ಲಿಯೇ ಮುಗಿಯಿತು. ಯಜಮಾನನು ಆ ಅಂಕಣವನ್ನು ಖಾಲಿ ಬಿಡೆಂದು ಹೇಳಿದರೆ, ಏಕೆ ಹೇಳುತ್ತಾನೆಂಬುದನ್ನು ಯೋಚಿಸಬೇಕು.

ಹೋಟೆಲಿನ ಗಲ್ಲೆಯ ಮೇಲೆ ಕುಳಿತವನಿಗೆ ಒಂದು ಸಂಗತಿ ಗೊತ್ತು. ಖಾತೆಯಲ್ಲಿ ಉಣ್ಣುವ ಗಿರಾಕಿಯ ಬಟ್ಟೆಯನ್ನು ನೋಡಿ ಸಾಲ ಕೊಡುವುದಿಲ್ಲ. ಅವನು ಎಲ್ಲಿ ಕೆಲಸ ಮಾಡುತ್ತಾನೆ, ಅವನನ್ನು ಬಲ್ಲವರು ಯಾರು ಎಂದು ಕೇಳಿ ಖಾತೆ ತೆರೆಯುತ್ತಾನೆ. ಐವತ್ತು ರೂಪಾಯಿಯ ಊಟಕ್ಕೆ ನಾವು ಮಾಡುವ ವಿಚಾರಣೆಯನ್ನು ಲಕ್ಷಾಂತರ ರೂಪಾಯಿಯ ಸರಕಿಗೂ ಸಾವಿರಾರು ರೂಪಾಯಿಯ ಬಾಡಿಗೆಗೂ ಮಾಡದಿರುವುದು ವಿಚಿತ್ರವಲ್ಲವೇ? ಹೆದ್ದಾರಿಯ ನಮ್ಮ ಹೋಟೆಲುಗಳಲ್ಲಿ ಚಾಲಕರು ಊಟಕ್ಕೆ ಕುಳಿತಾಗ ಯಾವ ದಲ್ಲಾಳಿ ಬಾಕಿ ಕೊಟ್ಟ, ಯಾವನು ಕೊಡಲಿಲ್ಲ ಎಂಬ ಮಾತು ನಡೆಯುತ್ತಲೇ ಇರುತ್ತದೆ. ಆ ಮಾತು ಅಲ್ಲಿಯೇ ಕರಗಿಹೋಗದೆ ಲಾರಿ ಮಾಲೀಕರ ಸಂಘಗಳ ದಫ್ತರಕ್ಕೆ ಸೇರಬೇಕು. ಸಂಘಗಳು ಬಾಕಿ ಉಳಿಸಿಕೊಂಡವರ ವಿವರವನ್ನು ಕಾಗದದ ಆಧಾರದೊಡನೆ ಇಟ್ಟು, ಕೇಳಿದ ಸದಸ್ಯರಿಗೆ ತಿಳಿಸುವ ಏರ್ಪಾಡು ಮಾಡಬೇಕು. ಗಾಳಿಮಾತಿನಿಂದ ಒಳ್ಳೆಯ ದಲ್ಲಾಳಿಯ ಹೆಸರು ಕೆಡದಂತೆಯೂ ನೋಡಿಕೊಳ್ಳಬೇಕು.

ಸಾಗಣೆಯ ಧಂಧೆಯಲ್ಲಿ ಒಂಟಿ ಲಾರಿಯವನು ಎಂದಿಗೂ ತುಳಿತಕ್ಕೆ ಸಿಕ್ಕುವವನೇ ಎಂದು ನಿರಾಶರಾಗಬೇಕಿಲ್ಲ. 1976ರಲ್ಲಿ ಗದಗಿನಲ್ಲಿ ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಆರಂಭಿಸಿದ ಸಾಗಣೆಯು ಮುಂದೆ ದೇಶದ ದೊಡ್ಡ ಸಾಗಣೆ ಸಂಸ್ಥೆಗಳಲ್ಲಿ ಒಂದಾಗಿ ಬೆಳೆದುದನ್ನು ನಾವೆಲ್ಲರೂ ಕಂಡಿದ್ದೇವೆ. ಒಂದು ಲಾರಿ ಎರಡಾಗಬೇಕಾದರೆ ದುಡಿದ ಬಾಡಿಗೆ ಕೈಸೇರಬೇಕು. ಖಾಲಿ ನಿಂತ ಲಾರಿಯ ಆತುರವೇ ವಂಚಕನ ಬಂಡವಾಳ. ಒಂದು ದಿನ ಕಾಯುವುದರಿಂದ ಆಗುವ ನಷ್ಟ ಒಂದು ದಿನದ್ದು. ಹೆಸರು ತಿಳಿಯದವನ ಮಾತಿಗೆ ಹೊರಡುವುದರಿಂದ ಆಗುವ ನಷ್ಟಕ್ಕೆ ಅಳತೆಯಿಲ್ಲ. ಆದಕಾರಣ ಊರಿನಲ್ಲಿ ಲಾರಿ ಓಡಿಸುವ ತಮ್ಮಂದಿರಿಗೂ ಭಾವಮೈದುನರಿಗೂ ನಮ್ಮ ವಾಚಕರು ಈ ವಾರ ಮಾತನಾಡುವಾಗ, ಕ್ಷೇಮಸಮಾಚಾರದೊಡನೆ ಒಂದು ಪ್ರಶ್ನೆಯನ್ನೂ ಕೇಳಲಿ: ಈಗ ಹೊತ್ತಿರುವ ಸರಕಿನ ಬಾಕಿಗೆ ಹೊಣೆ ಯಾರು, ಅವನ ಹೆಸರು ಕಾಗದದ ಮೇಲೆ ಇದೆಯೇ?